ಐಬಿಎಂ ಹೆಲ್ತ್ ಚೆಕರ್: ಎಚ್ಚರಿಕೆ ಬೇಗ ಬರುತ್ತದೆ, ಕಾರಣವನ್ನು ಲಾಗ್‌ನಲ್ಲೇ ಹುಡುಕಬೇಕು

1906ರಿಂದ 1931ರೊಳಗೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಹುಟ್ಟಿದ ಈ ಕರಾವಳಿಯವರಿಗೆ, ದಿನದ ಲೆಕ್ಕಗಳನ್ನು ಒಟ್ಟಿಗೆ ಮುಗಿಸುವ ರಾತ್ರಿಯ ಬ್ಯಾಚ್ ನಿಂತರೆ ಬೆಳಿಗ್ಗೆ ಕೌಂಟರಿನಲ್ಲಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರಿನಲ್ಲಿ ಕುಳಿತು ಹೊರದೇಶದ ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಭಾರಿ ಕಂಪ್ಯೂಟರ್) ಒಂದನ್ನು ರಾತ್ರಿ ಪಾಳಿಯಲ್ಲಿ ನೋಡಿಕೊಳ್ಳುವ ನಮ್ಮ ತಂಡ ದಿನವೂ ಬಳಸುವ ಸಾಧನ ಐಬಿಎಂ ಹೆಲ್ತ್ ಚೆಕರ್: ‘ಚೆಕ್’ ಎಂಬ ಸಣ್ಣ ಪರೀಕ್ಷೆಗಳನ್ನು ಓಡಿಸಿ, ಸಿಸ್ಟಂನಲ್ಲಿ ತೊಂದರೆಯ ಸೂಚನೆ ಕಂಡರೆ ಎಚ್ಚರಿಸುವ ಸಾಫ್ಟ್‌ವೇರ್. ಅದು ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಂ ಆದ ಜೆಡ್/ಒಎಸ್ ಜೊತೆಗೇ ಬರುತ್ತದೆ; 2.1ನೇ ಆವೃತ್ತಿಯಿಂದೀಚೆಗೆ ಐಪಿಎಲ್ (ಸಿಸ್ಟಂ ಶುರುವಾಗುವ) ವೇಳೆ ತಾನಾಗಿಯೇ ಚಾಲೂ ಆಗುತ್ತದೆ.

ಇದರ ದೊಡ್ಡ ಗುಣ ಮುಂಗಾಣ್ಕೆ. ಪೇಜ್ ಡೇಟಾಸೆಟ್‌ಗಳು (ಮೆಮೊರಿಯಲ್ಲಿ ಹಿಡಿಸದ್ದನ್ನು ಇಡುವ ಡಿಸ್ಕ್ ಜಾಗ) ಶೇ. 70 ತುಂಬಿದ ಮೇಲೆ ಸಿಸ್ಟಂ ತಾನೇ ಐಆರ್‌ಎ200ಇ ಸಂದೇಶ ಹಾಕುತ್ತದೆ. ಎಎಸ್‌ಎಂ_ಲೋಕಲ್_ಸ್ಲಾಟ್_ಯೂಸೇಜ್ ಎಂಬ ಚೆಕ್ ಮಾತ್ರ, ಮಿತಿಯನ್ನು ಬದಲಿಸದಿದ್ದರೆ, ಶೇ. 30ಕ್ಕೇ ಎಚ್ಚರಿಸುತ್ತದೆ. ಸಿಸ್ಟಂ ನೋಡಿಕೊಳ್ಳಲು ಬಳಸುವ ಎಸ್‌ಡಿಎಸ್‌ಎಫ್ ಸಾಧನದ ಸಿಕೆ ಪ್ಯಾನೆಲ್‌ನಲ್ಲಿ ಆ ಚೆಕ್‌ನ ಪಕ್ಕ ಎಸ್ ಒತ್ತಿದರೆ ಸಂದೇಶದ ಅರ್ಥ, ಆಪರೇಟರ್ ಮಾಡಬೇಕಾದದ್ದು, ಸಿಸ್ಟಂ ಪ್ರೋಗ್ರಾಮರ್ ಮಾಡಬೇಕಾದದ್ದು ಎಲ್ಲವೂ ಒಂದೇ ಕಡೆ ಸಿಗುವುದರಿಂದ ಕೈಪಿಡಿ ತಡಕುವ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ.

ಆದರೆ ಜಾಗ ತುಂಬಿದ್ದು ಯಾರಿಂದ ಎಂಬುದನ್ನು ಅದು ಹೇಳುವುದಿಲ್ಲ. ಕಳೆದ ಮಳೆಗಾಲದ ಒಂದು ರಾತ್ರಿ ಇದೇ ಎಚ್ಚರಿಕೆ ಬಂದಾಗ, ಚೆಕ್ ಓಡಿದ ಹೊತ್ತನ್ನು ಗುರುತಿಟ್ಟುಕೊಂಡು, ಸಿಸ್ಟಂ ಸಂದೇಶಗಳು ದಾಖಲಾಗುವ ಆಪರ್‌ಲಾಗ್‌ನಲ್ಲಿ ಹಿಂದಕ್ಕೆ ಸರಿಯುತ್ತ ಹೋದೆವು. ಸ್ವಲ್ಪ ಮೇಲೆಯೇ ಐಇಎ794ಐ ಸಂದೇಶ ಇತ್ತು: ಎಸ್‌ವಿಸಿ ಡಂಪ್ (ದೋಷ ಹುಡುಕಲು ತೆಗೆಯುವ ಮೆಮೊರಿಯ ಪ್ರತಿ) ಸೆರೆಹಿಡಿಯಲಾಗಿದೆ, ಕೇಳಿದ ಜಾಬ್‌ನ ಹೆಸರು ಇಂಥದ್ದು. ಡಿಸ್ಕಿಗೆ ಬರೆದು ಮುಗಿಯುವವರೆಗೆ ಈ ಪ್ರತಿ ಪೇಜ್ ಜಾಗವನ್ನೂ ಹಿಡಿದಿರಬಹುದು. ಡಂಪ್ ಡಿಸ್ಕಿಗೆ ಬರೆದು ಮುಗಿದಿದೆಯೆಂಬ ಐಇಎ611ಐ ಬಂದ ಮೇಲೆ ಪೇಜ್ ಜಾಗದ ಬಳಕೆ ತೋರಿಸುವ ಡಿ ಎಎಸ್‌ಎಂ ಆದೇಶ ಕೊಟ್ಟು ನೋಡಿದರೆ ಬಳಕೆ ಇಳಿದಿತ್ತು. ಪೇಜ್‌ಆಡ್ ಮಾಡುವ (ಹೊಸ ಪೇಜ್ ಡೇಟಾಸೆಟ್ ಸೇರಿಸುವ) ಅಗತ್ಯವೇ ಬೀಳಲಿಲ್ಲ. ಪ್ರಶ್ನೆ ಡಂಪ್ ತೆಗೆದ ಅಪ್ಲಿಕೇಶನ್ ತಂಡಕ್ಕೆ ಹೋಯಿತು. ಸಿಸ್‌ಪ್ಲೆಕ್ಸ್‌ನ (ಒಟ್ಟಾಗಿ ಕೆಲಸ ಮಾಡುವ ಸಿಸ್ಟಂಗಳ ಗುಂಪಿನ) ಎಲ್ಲ ಸಿಸ್ಟಂಗಳ ಸಂದೇಶಗಳೂ ಹೊತ್ತಿನ ಕ್ರಮದಲ್ಲಿ ಒಟ್ಟಿಗೆ ಸಿಗುವ ಕಾರಣ, ಇಂಥ ಹುಡುಕಾಟಕ್ಕೆ ಒಂದೊಂದು ಸಿಸ್ಟಂನ ಸಿಸ್‌ಲಾಗ್‌ಗಿಂತ ಆಪರ್‌ಲಾಗ್ ಮೇಲು. (ಲಾಗ್‌ನ ಗಡಿಯಾರ ಗ್ರಾಹಕರ ಊರಿನದು; ನಮ್ಮ ಹೊತ್ತಿಗೆ ಲೆಕ್ಕ ಹಾಕಿಕೊಳ್ಳುವುದು ಹೊಸಬರಿಗೆ ತಲೆನೋವೇ.)

ನನ್ನ ಮುಖ್ಯ ಆಕ್ಷೇಪ ಬೇರೆಯಿದೆ. ವರದಿಗಳನ್ನು ಕೂಡಿಡುವ ಲಾಗ್‌ಸ್ಟ್ರೀಮ್ ಏರ್ಪಡಿಸದಿದ್ದರೆ ಪ್ರತಿ ಚೆಕ್‌ನ ಕೊನೆಯ ವರದಿಯಷ್ಟೇ ಉಳಿಯುತ್ತದೆ; ಅದೇ ಚೆಕ್ ಮತ್ತೆ ಓಡಿದೊಡನೆ ಹಿಂದಿನದು ಮಾಯ. ಮಿತಿಗಳನ್ನು ಎಚ್‌ಜೆಡ್‌ಎಸ್‌ಪಿಆರ್‌ಎಂ ಎಂಬ ಸೆಟ್ಟಿಂಗ್ ಮೆಂಬರ್‌ನಲ್ಲಿ (ಫೈಲಿನಲ್ಲಿ) ತಮ್ಮ ಸಿಸ್ಟಂಗೆ ತಕ್ಕಂತೆ ತಿದ್ದದೆ ಬಿಟ್ಟ ಕಡೆಗಳಲ್ಲಿ ಎಚ್ಚರಿಕೆಗಳು ಎಷ್ಟು ಬರುತ್ತವೆಂದರೆ, ಪಾಳಿಯವರು ತೀವ್ರ ಮಟ್ಟದ ಎಚ್‌ಜೆಡ್‌ಎಸ್0003ಇ ಸಂದೇಶವನ್ನೂ ನೋಡಿ ಸುಮ್ಮನಾಗುವ ಅಭ್ಯಾಸಕ್ಕೆ ಬೀಳುತ್ತಾರೆ. ಹೊಸ ಸಿಸ್ಟಂ ಕೈಗೆ ಬಂದಾಗ ಈ ಎರಡನ್ನೂ ಮೊದಲ ವಾರದಲ್ಲೇ ಸರಿಪಡಿಸಿಕೊಳ್ಳಿ. ಅದಕ್ಕೆ ಬೇಕಾದ ಅನುಮತಿಯನ್ನು ಗ್ರಾಹಕರಿಂದ ಬರಹದಲ್ಲೇ ಪಡೆಯಿರಿ.