50 ಲೀಟರ್ ಟ್ರೆಕ್ಕಿಂಗ್ ಬ್ಯಾಗ್, ಆರು ವರ್ಷದ ನಂತರ: ಕುಮಾರ ಪರ್ವತ ಹತ್ತಿಳಿದ ಮೇಲೆ ಬರೆದದ್ದು

ಈ ಬ್ಯಾಗ್ ತಗೊಂಡದ್ದು 2019ರಲ್ಲಿ. 50 ಲೀಟರಿನದು, ಖಾಲಿ ಇದ್ದಾಗ ತೂಕ 1.9 ಕಿಲೋ. ಕುದುರೆಮುಖ, ತಡಿಯಂಡಮೋಳ್, ಕುಮಾರ ಪರ್ವತ, ಎಲ್ಲ ಕಡೆ ನನ್ನ ಬೆನ್ನ ಮೇಲೆ ಬಂದಿದೆ. ಆ ಮಾಡೆಲ್ ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಹಾಗಾಗಿ ಹೆಸರು ಬರೆದು ಉಪಯೋಗವಿಲ್ಲ. ಆದರೆ ಹೊಸದು ಕೊಳ್ಳುವವರು ಏನನ್ನು ನೋಡಿ ಕೊಳ್ಳಬೇಕು ಅಂತ ಇದರಿಂದ ಚೆನ್ನಾಗಿ ಕಲಿತಿದ್ದೇನೆ.

ಮೊದಲು ಬೆನ್ನಿನ ಅಳತೆ. ಎಷ್ಟು ಲೀಟರ್ ಅಂತ ಎಲ್ಲರೂ ಕೇಳುತ್ತಾರೆ, ನಿಮ್ಮ ಬೆನ್ನು ಎಷ್ಟು ಉದ್ದ ಅಂತ ಅಂಗಡಿಯಲ್ಲೂ ಕೇಳುವುದು ಕಮ್ಮಿ. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಎದ್ದು ನಿಲ್ಲುತ್ತದೆ. ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೈಲರ್ ಟೇಪ್ ಹಿಡಿಯಬೇಕು. ತಂಗಿ ಅಳೆದಾಗ ನನ್ನದು 42 ಸೆಂ.ಮೀ. ಬಂತು. ಅದಕ್ಕೂ ಮೊದಲು ನಾನು ಹೊರುತ್ತಿದ್ದದ್ದು ಅಣ್ಣನ ಬ್ಯಾಗ್. ಅವನು ಆರಡಿ ಎತ್ತರ. ಅದರ ಬೆಲ್ಟ್ ನನ್ನ ಸೊಂಟದ ಮೂಳೆಗಿಂತ ಕೆಳಗೆ ಕೂರುತ್ತಿತ್ತು, ಭಾರವೆಲ್ಲ ಹೆಗಲಿಗೆ ಬೀಳುತ್ತಿತ್ತು. ಮಾರನೇ ದಿನ ಕೈ ಎತ್ತಿ ಜಡೆ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಈಗಿನ ಬ್ಯಾಗಿನಲ್ಲಿ ಹೆಗಲ ಪಟ್ಟಿ ಕೂರುವ ಜಾಗವನ್ನೇ ಮೇಲೆ ಕೆಳಗೆ ಸರಿಸಬಹುದು. ನನ್ನ ಮಟ್ಟಿಗೆ ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ.

2022ರ ಡಿಸೆಂಬರಿನಲ್ಲಿ ಕುಮಾರ ಪರ್ವತವನ್ನು ಸೋಮವಾರಪೇಟೆ ಕಡೆಯಿಂದ ಹತ್ತಿ ಕುಕ್ಕೆ ಕಡೆಗೆ ಇಳಿದೆವು. ಟೆಂಟು, ಸ್ಲೀಪಿಂಗ್ ಬ್ಯಾಗು, 3 ಲೀಟರ್ ನೀರು ಸೇರಿ 12 ಕಿಲೋ. ನೀರೇ 3 ಕಿಲೋ, ಅದನ್ನು ಮರೀಬೇಡಿ. ಬೀದಳ್ಳಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟೆವು. ಕಾಡಿನ ದಾರಿ ಮುಗಿದು ಬಂಡೆ ಶುರುವಾಗುವವರೆಗೆ ಬೆನ್ನ ಮೇಲೆ ಬ್ಯಾಗ್ ಇದೆ ಅನ್ನೋದೇ ನೆನಪಿರಲಿಲ್ಲ. ಬಂಡೆ ಹತ್ತುವಾಗ ಮಾತ್ರ ಒಂದು ತೊಂದರೆ ಗೊತ್ತಾಯಿತು. ಮುಂದೆ ಎಲ್ಲಿ ಕಾಲಿಡಬೇಕು ಅಂತ ತಲೆ ಎತ್ತಿದರೆ ಬ್ಯಾಗಿನ ಮೇಲ್ಮುಚ್ಚಳ ಹಿಂದಲೆಗೆ ತಾಗುತ್ತದೆ. ಮುಚ್ಚಳದ ಜೇಬಿನಲ್ಲಿದ್ದ ಸಾಮಾನು ತೆಗೆದು ಕೆಳಗೆ ತುಂಬಿದ ಮೇಲೆ ಸರಿಯಾಯಿತು. ಅವತ್ತಿನಿಂದ ಆ ಜೇಬಿಗೆ ಟೋಪಿ, ಟಾರ್ಚು ಬಿಟ್ಟು ಬೇರೇನೂ ಹಾಕುವುದಿಲ್ಲ.

ತುದಿ 1,712 ಮೀಟರ್. ಅಲ್ಲಿ ಊಟದ ಪೊಟ್ಟಣ ಬಿಚ್ಚಿ ಅರ್ಧ ಗಂಟೆ ಕೂತು, ಶೇಷ ಪರ್ವತ ದಾಟಿ ಹುಲ್ಲಿನ ಏಣು, ಅಂದರೆ ಬೆಟ್ಟದ ಕಿರಿದಾದ ನೆತ್ತಿಸಾಲಿಗೆ ಬಂದೆವು. ಈ ದಾರಿಯ ಚಂದ ಇರುವುದೇ ಇಲ್ಲಿ. ಎರಡೂ ಪಕ್ಕ ಇಳಿಜಾರು, ಮುಂದೆ ಕಣಿವೆ ತುಂಬ ಕಾಡು, ಮರದ ನೆರಳು ಮಾತ್ರ ಇಲ್ಲ. ಗಾಳಿ ಪಕ್ಕದಿಂದ ಬಡಿಯುತ್ತದೆ. ಬ್ಯಾಗ್ ಒಂದು ಚೂರು ಅಲ್ಲಾಡಿದರೂ ಕಾಲು ತಪ್ಪುತ್ತದೆ. ಹಾಗಾಗಿ ಬಿಗಿಯುವ ಕ್ರಮ ತಪ್ಪಬಾರದು. ಮೊದಲು ಸೊಂಟದ ಬೆಲ್ಟ್, ಆಮೇಲೆ ಹೆಗಲ ಪಟ್ಟಿ, ಆಮೇಲೆ ಹೆಗಲ ಮೇಲಿಂದ ಬ್ಯಾಗನ್ನು ಬೆನ್ನಿಗೆ ಎಳೆಯುವ ಸಣ್ಣ ಪಟ್ಟಿ, ಕೊನೆಗೆ ಎದೆಯದು. ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡು ನಡುವೆ ಇರಬೇಕು. ಕಲ್ಲು ಮಂಟಪಕ್ಕೆ ಬರುವಷ್ಟರಲ್ಲಿ ಮಂಡಿ ನೋಯುತ್ತಿತ್ತು, ಹೆಗಲು ಆರಾಮಾಗಿತ್ತು. ಸಂಜೆ, ಈ ದಾರಿಯಲ್ಲಿ ಚಾರಣಿಗರು ನಿಲ್ಲುವ ಭಟ್ಟರ ಮನೆ ತಲುಪಿ ಬೆಲ್ಟ್ ಬಿಚ್ಚಿದಾಗ ಸೊಂಟದ ಎರಡೂ ಬದಿ ಕೆಂಪಗಾಗಿತ್ತು. ಭಾರ ಎಲ್ಲಿ ಕೂರಬೇಕೋ ಅಲ್ಲೇ ಕೂತಿದೆ ಅಂತ ಖುಷಿಯಾಯಿತು.

ಇನ್ನು ಕೊರತೆಗಳು. ಬ್ಯಾಗಿನ ಜೊತೆ ಬಂದ ಮಳೆ ಕವರ್ ಏಣಿನ ಮೇಲೆ ನಂಬುವಂಥದ್ದಲ್ಲ. 2023ರ ಅಕ್ಟೋಬರಿನಲ್ಲಿ ಇದೇ ದಾರಿಯಲ್ಲಿ ಮಳೆ ಹಿಡಿಯಿತು, ಗಾಳಿಗೆ ಕವರ್ ಕಿತ್ತು ಹಾರಿತು. ಕವರ್ ಇದ್ದರೂ ಬೆನ್ನಿನ ಕಡೆ ತೆರೆದೇ ಇರುತ್ತದೆ, ಕತ್ತಿನಿಂದ ಇಳಿದ ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಈಗ ಒಳಗೇ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಅದರಲ್ಲಿ ಬಟ್ಟೆ ಮತ್ತು ಸ್ಲೀಪಿಂಗ್ ಬ್ಯಾಗ್ ತುಂಬಿ ಬಾಯಿ ತಿರುಚಿ ಕಟ್ಟುತ್ತೇನೆ. ಆಮೇಲೆ ಒಂದು ಸಲವೂ ಏನೂ ನೆನೆದಿಲ್ಲ.

ಇನ್ನೊಂದು ಕೊರತೆಯಲ್ಲಿ ನನ್ನ ತಪ್ಪೂ ಸೇರಿದೆ. ಕೋವಿಡ್ ಸಮಯದಲ್ಲಿ ಎರಡು ಮಳೆಗಾಲ ಬ್ಯಾಗ್ ಅಟ್ಟದ ಮೇಲಿತ್ತು. ನಮ್ಮ ಪುತ್ತೂರಿನ ಥಂಡಿ ಗೊತ್ತಲ್ವಾ? ತೆಗೆದು ನೋಡಿದರೆ ನೀರು ತಡೆಯಲು ಬಟ್ಟೆಯ ಒಳಬದಿಗೆ ಹಚ್ಚಿದ ಪಿಯು (ಪಾಲಿಯುರೆಥೇನ್) ಲೇಪ ಅಂಟಂಟಾಗಿ ಪುಡಿ ಉದುರುತ್ತಿತ್ತು, ಕೆಟ್ಟ ವಾಸನೆ ಬೇರೆ. ಈ ಲೇಪಕ್ಕೆ ತೇವ ಮತ್ತು ಸೆಕೆ ಎರಡೂ ಆಗದು, ನಿಧಾನಕ್ಕೆ ಒಡೆದು ಹೋಗುತ್ತದೆ. ಬೆಚ್ಚನೆ ನೀರಲ್ಲಿ ಸೋಪು ಹಾಕಿ ಮೆತ್ತಗೆ ಉಜ್ಜಿ ಅಷ್ಟೂ ತೆಗೆದೆ. ಬಟ್ಟೆ ಗಟ್ಟಿಯಾಗೇ ಇದೆ, ಆದರೆ ನೀರು ತಡೆಯುವುದಿಲ್ಲ. ಕರಾವಳಿ, ಮಲೆನಾಡಿನವರು ದಯವಿಟ್ಟು ಬ್ಯಾಗನ್ನು ಮಡಚಿ ಅಟ್ಟಕ್ಕೆ ಹಾಕಬೇಡಿ. ಗಾಳಿಯಾಡುವ ಕಡೆ ನೇತುಹಾಕಿ.

ಜಿಪ್ ಐದನೇ ವರ್ಷಕ್ಕೆ ಬಾಯಿ ಬಿಡಲು ಶುರುವಾಯಿತು. ಇಕ್ಕಳದಲ್ಲಿ ರನ್ನರನ್ನು ಎರಡೂ ಬದಿ ಮೆಲ್ಲಗೆ ಒತ್ತಿದೆ, ಒಂದು ವರ್ಷ ಓಡಿತು. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಬ್ಯಾಗ್ ರಿಪೇರಿಯವರು ಹೊಸ ರನ್ನರ್ ಹಾಕಿಕೊಟ್ಟರು. ಪಕ್ಕದ ಬಲೆ ಜೇಬು ಮುಳ್ಳಿಗೆ ಸಿಕ್ಕಿ ಹರಿದಿತ್ತು, ಅದಕ್ಕೂ ಗಟ್ಟಿ ಬಟ್ಟೆ ಕೂರಿಸಿ ಹೊಲಿದರು.

ಈಗ ಸೊಂಟದ ಬೆಲ್ಟಿನ ಒಳಗಿನ ಫೋಮ್ ತೆಳ್ಳಗಾಗಿದೆ. ಬದಲಿಸಿ ಕೊಡುವುದಾಗಿ ಅವರೇ ಹೇಳಿದ್ದಾರೆ. ಮುಂದಿನ ವಾರ ಬ್ಯಾಗ್ ಅವರ ಕೈಗೆ ಕೊಟ್ಟು ಬರುತ್ತೇನೆ.