ಸ್ಪ್ರಿಂಗ್ ರೈಫಲ್ಲೋ ಪಿಸಿಪಿಯೋ: ಎರಡನ್ನೂ ಹೊಡೆದು ನೋಡಿದ ಮೇಲೆ

ಆರು ವರ್ಷ ಒಂದೇ ಸ್ಪ್ರಿಂಗ್ ರೈಫಲ್ ಹೊಡೆದವನು ನಾನು. ಪಿಸಿಪಿ, ಅಂದರೆ ಒತ್ತಡದ ಗಾಳಿಯನ್ನು ಮೊದಲೇ ತುಂಬಿಟ್ಟುಕೊಂಡು ಹೊಡೆಯುವ ಏರ್ ರೈಫಲ್, ಮನೆಗೆ ಬಂದು ಎರಡು ವರ್ಷವಾಯಿತು. ಎರಡೂ 4.5 ಮಿಲಿಮೀಟರ್ ನಳಿಗೆಯವು. ಎರಡಕ್ಕೂ ಒಂದೇ ಡಬ್ಬಿಯ, 8.4 ಗ್ರೇನ್ ತೂಕದ ಪೆಲೆಟ್, ಅಂದರೆ ಏರ್ ರೈಫಲ್ಲಿನ ಪುಟ್ಟ ಗುಂಡು, ಹಾಕುತ್ತೇನೆ, ಎರಡರ ಬಲವೂ 15 ಜೂಲ್ ಆಸುಪಾಸು. ಹಾಗಾಗಿ ಪಕ್ಕಪಕ್ಕದಲ್ಲಿಟ್ಟು ಅಳೆದರೆ ಯಾವುದಕ್ಕೂ ಅನ್ಯಾಯವಾಗುವುದಿಲ್ಲ.

ಯಾವುದು ಕೊಳ್ಳಲಿ ಎನ್ನುವವರೆಲ್ಲ ನಿಖರತೆಯ ಬಗ್ಗೆಯೇ ಕೇಳುತ್ತಾರೆ. ಅದರಲ್ಲಿ ಪಿಸಿಪಿಯೇ ಮುಂದು, ಅನುಮಾನ ಬೇಡ. ಆದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಗಾಳಿ ಎಲ್ಲಿಂದ ತರುತ್ತೀರಿ? ನಾನು ಅದನ್ನು ರೈಫಲ್ ಕೊಂಡ ಮೇಲೆ ಕೇಳಿಕೊಂಡೆ. ಮೊದಲ ಮೂರು ತಿಂಗಳು ಗುರಿ ಹಿಡಿದದ್ದಕ್ಕಿಂತ ಪಂಪ್ ಹಿಡಿದದ್ದೇ ಹೆಚ್ಚಾಯಿತು.

ಮೊದಲು ಹೊಡೆತದ ಮಾತು. ಸ್ಪ್ರಿಂಗ್ ರೈಫಲ್ಲಿನ ನಳಿಗೆ ಮಡಚಿದಾಗ ಒಳಗಿನ ಸ್ಪ್ರಿಂಗ್ ಕುಗ್ಗಿ ಕೂರುತ್ತದೆ. ಕುದುರೆ ಎಳೆದರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ, ಆ ಗಾಳಿಯೇ ಪೆಲೆಟ್ಟನ್ನು ತಳ್ಳುವುದು. ಆಗ ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ತುದಿ ಮುಟ್ಟಿ ನಿಂತಾಗ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಇನ್ನೂ ನಳಿಗೆಯಲ್ಲಿರುವಾಗಲೇ ಈ ಅಲುಗಾಟ ಶುರುವಾಗಿರುತ್ತದೆ. ಅದಕ್ಕೇ ಇದನ್ನು ಬಿಗಿಯಾಗಿ ಹಿಡಿಯಬಾರದು. ಎಡ ಅಂಗೈಯ ಮೇಲೆ ಸುಮ್ಮನೆ ಮಲಗಿಸಿ, ಪ್ರತಿ ಸಲವೂ ಒಂದೇ ರೀತಿ ಅಲುಗಲು ಬಿಡಬೇಕು. ಅಂಗೈ ಎರಡು ಬೆರಳಿನಷ್ಟು ಮುಂದೆ ಹೋದರೂ ಪೆಲೆಟ್ ಬೇರೆ ಕಡೆ ಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಪಿಸಿಪಿಯಲ್ಲಿ ಕುದುರೆ ಎಳೆದರೆ ಸಣ್ಣದೊಂದು ಹ್ಯಾಮರ್ ಹೋಗಿ ವಾಲ್ವಿಗೆ ಬಡಿಯುತ್ತದೆ, ವಾಲ್ವ್ ಕ್ಷಣಮಾತ್ರ ತೆರೆದು ಮುಚ್ಚುತ್ತದೆ, ಅಷ್ಟೆ. ಒದೆತವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಸ್ಕೋಪಿನಲ್ಲಿ, ಅಂದರೆ ಗುರಿ ನೋಡುವ ದುರ್ಬೀನಿನಲ್ಲಿ, ಕಣ್ಣಿಟ್ಟಿದ್ದರೆ ಪೆಲೆಟ್ ಕಾಗದ ತೂತು ಮಾಡುವುದೇ ಕಾಣುತ್ತದೆ. ಮೊದಲ ದಿನ ಅದನ್ನು ಕಂಡಾಗ ಆದ ಸಂತೋಷ ಈಗಲೂ ನೆನಪಿದೆ.

25 ಮೀಟರ್ ದೂರದಲ್ಲಿ, ಕುಳಿತು, ಮರಳಿನ ಚೀಲದ ಆಸರೆಯಲ್ಲಿ ಐದೈದು ಪೆಲೆಟ್ಟಿನ ಹತ್ತು ಗುಂಪುಗಳನ್ನು ಎರಡರಿಂದಲೂ ಹೊಡೆದೆ. ಗುಂಪಿನ ತೂತುಗಳು ಹರಡಿದ ಅಗಲ ಸ್ಪ್ರಿಂಗ್ ರೈಫಲ್ಲಿನಲ್ಲಿ ಸರಾಸರಿ 22 ಮಿಲಿಮೀಟರ್, ಪಿಸಿಪಿಯದ್ದು 9. ಆದರೆ ಸ್ಪ್ರಿಂಗಿನ ಅತ್ಯುತ್ತಮ ಗುಂಪು 13 ಮಿಲಿಮೀಟರ್ ಇತ್ತು. ಅಂದರೆ ನಳಿಗೆಯಲ್ಲಿ ದೋಷವಿಲ್ಲ, ನನ್ನ ಹಿಡಿತ ಹತ್ತು ಸಲವೂ ಒಂದೇ ಆಗಿರಲಿಲ್ಲ. ಆಸರೆ ಬಿಟ್ಟು ನಿಂತು ಹೊಡೆದಾಗ ಎರಡರ ನಡುವಿನ ಅಂತರ ಅರ್ಧಕ್ಕಿಳಿಯಿತು, ಏಕೆಂದರೆ ಅಲ್ಲಿ ಅಲುಗುವುದು ರೈಫಲ್ಲಿಗಿಂತ ಹೆಚ್ಚಾಗಿ ನಾನು. ಗಾಳಿ ಬೀಸುವ ದಿನ 50 ಮೀಟರಿನಲ್ಲಿ ಪಿಸಿಪಿಯಿಂದ ವಿಶೇಷ ಲಾಭವಿಲ್ಲ. ಒಂದೇ ಪೆಲೆಟ್, ಒಂದೇ ವೇಗವಾದರೆ ಅಡ್ಡಗಾಳಿ ಎರಡನ್ನೂ ಒಂದೇ ಅಳತೆಗೆ ತಳ್ಳುತ್ತದೆ.

10 ಮೀಟರ್ ಸ್ಪರ್ಧೆಯ ಗುರಿಕಾಗದ ಕೈಯಲ್ಲಿ ಹಿಡಿದರೆ ಪಿಸಿಪಿಯ ಬೆಲೆ ತಿಳಿಯುತ್ತದೆ. ನಡುವಿನ ಕಪ್ಪು ವೃತ್ತ 30.5 ಮಿಲಿಮೀಟರ್ ಅಗಲ, ಅದರ ಮಧ್ಯದ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಈ ಸ್ಪರ್ಧೆ 1984ರಲ್ಲಿ ಒಲಿಂಪಿಕ್ಸಿಗೆ ಬಂತು. ಹಿಂದೆ ಫೈನ್‌ವೆರ್ಕ್‌ಬಾವ್ 300ರಂಥ, ಒದೆತವನ್ನು ಒಳಗೇ ನುಂಗಿಕೊಳ್ಳುವ ಸ್ಪ್ರಿಂಗ್ ರೈಫಲ್ಲುಗಳು ಪದಕ ಗೆಲ್ಲುತ್ತಿದ್ದವು. ಆಮೇಲೆ ಒಮ್ಮೆ ಒತ್ತಿ ಒಮ್ಮೆ ಹೊಡೆಯುವವು ಬಂದವು, ಇಂಗಾಲದ ಡೈಆಕ್ಸೈಡ್ ತುಂಬುವವು ಬಂದವು. ಈಗ ಆ ಮಟ್ಟದಲ್ಲಿ ಒತ್ತಡದ ಗಾಳಿಯದ್ದೇ ರಾಜ್ಯ.

ಇನ್ನು ಗಾಳಿಯ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ನನ್ನ ಪಿಸಿಪಿಯಲ್ಲಿ ರೆಗ್ಯುಲೇಟರ್ ಇಲ್ಲ. ಸಿಲಿಂಡರ್ 180 ಸಿಸಿ, ತುಂಬಬಹುದಾದ ಒತ್ತಡದ ಮಿತಿ 200 ಬಾರ್ (ಬಾರ್ ಒತ್ತಡದ ಅಳತೆ). ಹೆಚ್ಚು ತುಂಬಿದಷ್ಟೂ ವೇಗ ಹೆಚ್ಚು ಎಂದುಕೊಂಡಿದ್ದೆ. ಪೆಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ನೋಡಿದರೆ 200 ಬಾರಿನಲ್ಲಿ ಸೆಕೆಂಡಿಗೆ 222 ಮೀಟರ್, 165ರ ಹತ್ತಿರ ಬಂದಾಗ 235, 130ಕ್ಕೆ ಇಳಿದಾಗ ಮತ್ತೆ 226. ಕಾರಣ ಸರಳ. ಒತ್ತಡ ಹೆಚ್ಚಿದ್ದಾಗ ಆ ಗಾಳಿಯೇ ವಾಲ್ವನ್ನು ಒಳಗಿನಿಂದ ಅದುಮಿ ಹಿಡಿದಿರುತ್ತದೆ, ಹ್ಯಾಮರ್ ಬಡಿದರೂ ಅದು ಪೂರ್ತಿ ತೆರೆಯುವುದಿಲ್ಲ. 222ಕ್ಕೂ 235ಕ್ಕೂ ಇರುವ ವ್ಯತ್ಯಾಸ 45 ಮೀಟರಿನಲ್ಲಿ ಪೆಲೆಟ್ಟನ್ನು ಎರಡರಿಂದ ಮೂರು ಸೆಂಟಿಮೀಟರ್ ಕೆಳಗಿಳಿಸುತ್ತದೆ. ಈಗ 185ಕ್ಕೆ ತುಂಬಿ 135ಕ್ಕೆ ನಿಲ್ಲಿಸುತ್ತೇನೆ. ಆ ನಡುವೆ 32 ಹೊಡೆತ ಸಿಗುತ್ತವೆ, ಎಲ್ಲವೂ ಒಂದೇ ಎತ್ತರಕ್ಕೆ ಬೀಳುತ್ತವೆ. ಗೆಳೆಯನೊಬ್ಬನ ರೈಫಲ್ಲಿನಲ್ಲಿ ರೆಗ್ಯುಲೇಟರ್ ಇದೆ. ಅದು ಸಿಲಿಂಡರಿನ ಒತ್ತಡ ಏನೇ ಇದ್ದರೂ ವಾಲ್ವಿಗೆ ಒಂದೇ ಒತ್ತಡ ಕೊಡುತ್ತದೆ, ಈ ಲೆಕ್ಕದ ಗೋಜೇ ಇಲ್ಲ. ಮತ್ತೆ ಕೊಳ್ಳುವುದಾದರೆ ನಾನೂ ಅದನ್ನೇ ಕೊಳ್ಳುತ್ತೇನೆ.

135ರಿಂದ 185ಕ್ಕೆ ಏರಿಸಲು ಕೈಪಂಪಿನಲ್ಲಿ ಸುಮಾರು 70 ಒತ್ತು ಬೇಕು. ಮೊದಲ 30 ಸಲೀಸು. ಕೊನೆಯ 20ಕ್ಕೆ ತೋಳಿನ ಬಲ ಸಾಲದು. ಮೊಣಕೈ ನೆಟ್ಟಗೆ ಮಾಡಿ ಮೈಭಾರವನ್ನೆಲ್ಲ ಹಿಡಿಯ ಮೇಲೆ ಬಿಡಬೇಕು, ಹಿಡಿ ಪೂರ್ತಿ ಕೆಳಗೆ ಮುಟ್ಟಿದ ಮೇಲೆ ಒಂದು ಕ್ಷಣ ತಡೆಯಬೇಕು. ಪಂಪಿನ ಬುಡ ಕೈಸುಡುವಷ್ಟು ಬಿಸಿಯಾಗುತ್ತದೆ. ಅದಕ್ಕೆ 35 ಒತ್ತಿದ ಮೇಲೆ ಹತ್ತು ನಿಮಿಷ ಬಿಟ್ಟು ಉಳಿದದ್ದನ್ನು ಒತ್ತುತ್ತೇನೆ. ಮುಗಿದ ಮೇಲೆ ಪಂಪಿನಲ್ಲಿ ಉಳಿದ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿದರೆ ಗಾಳಿಯ ಜತೆ ಬೆಳ್ಳಗೆ ಮಂಜಿನಂಥ ನೀರು ಅಂಗೈಗೆ ಚಿಮ್ಮುತ್ತದೆ. ವಾತಾವರಣದ ತೇವವೆಲ್ಲ ಹಿಂಡಿಕೊಂಡು ಬಂದದ್ದು ಅದು. ಪಂಪಿನಲ್ಲಿ ಸಿಲಿಕಾ ಜೆಲ್ ಫಿಲ್ಟರ್ ಇಲ್ಲದಿದ್ದರೆ ಆ ನೀರು ರೈಫಲ್ಲಿನ ಸಿಲಿಂಡರಿಗೇ ಇಳಿದು ತುಕ್ಕು ಹಿಡಿಸುತ್ತದೆ. 1780ರ ಸುಮಾರಿನಲ್ಲಿ ಆಸ್ಟ್ರಿಯಾದ ಸೈನ್ಯ ಬಳಸಿದ ಜಿರಾಂಡೋನಿ ರೈಫಲ್ ಕೂಡ ಪಿಸಿಪಿಯೇ. ಅದರ ಹಿಂಬದಿಯ ಗಾಳಿಬುರುಡೆ ತುಂಬಲು ಸುಮಾರು 1500 ಒತ್ತು ಬೇಕಿತ್ತಂತೆ. ಆ ಸೈನಿಕರ ಬಗ್ಗೆ ನನಗೆ ದೊಡ್ಡ ಗೌರವ.

ನಾಲ್ಕನೇ ತಿಂಗಳಿಗೆ ನೀರಿನಲ್ಲಿ ಮುಳುಗುವವರು ಬಳಸುವಂಥ 12 ಲೀಟರ್ ಸಿಲಿಂಡರ್ ತಂದೆ, 232 ಬಾರಿನದ್ದು. ಲೆಕ್ಕ ಹೀಗಿದೆ: ಒತ್ತಡವಿಲ್ಲದ ಮಾಮೂಲಿ ಗಾಳಿಯ ಲೆಕ್ಕದಲ್ಲಿ ನನಗೆ ಪ್ರತಿ ಸಲ ಬೇಕಾದದ್ದು 9 ಲೀಟರ್, 232ರಿಂದ 185ಕ್ಕೆ ಇಳಿಯುವಷ್ಟರಲ್ಲಿ ಅದು ಕೊಡುವುದು 560 ಲೀಟರ್. ಅಂದರೆ ಸುಮಾರು 60 ಸಲ ತುಂಬಬಹುದು, 1900 ಹೊಡೆತ. ನಲ್ಲಿಯನ್ನು ಕೂದಲೆಳೆಯಷ್ಟು ತೆರೆದು ನಿಧಾನವಾಗಿ ತುಂಬಬೇಕು. ಅವಸರ ಮಾಡಿದರೆ ಗಾಳಿ ಬಿಸಿಯಾಗಿ ಗೇಜ್ 185 ತೋರಿಸುತ್ತದೆ, ಅರ್ಧ ಗಂಟೆ ಬಿಟ್ಟು ನೋಡಿದರೆ 178. ಕೊಳವೆ ಬಿಚ್ಚುವ ಮೊದಲು ಅದರಲ್ಲಿ ಉಳಿದ ಗಾಳಿಯನ್ನು ಹೊರಬಿಡುವುದು ಕಡ್ಡಾಯ. ಸಿಲಿಂಡರನ್ನು ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಗೆ ಕೊಡಬೇಕು. ಇದು ಭಾರ, ತುಂಬಿಸುವ ಜಾಗ ದೂರವಿದ್ದರೆ ಇಡೀ ದಿನ ಹೋಗುತ್ತದೆ. ಆದರೂ ಪಂಪಿಗೆ ಮರಳುವ ಮನಸ್ಸಿಲ್ಲ. ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳುತ್ತೇನೆ: ಆಮ್ಲಜನಕದ ಸಿಲಿಂಡರಿನಿಂದ ಎಂದೂ ತುಂಬಬೇಡಿ, ಒತ್ತಡ ತಾಗುವ ಭಾಗಕ್ಕೆ ಪೆಟ್ರೋಲಿಯಂ ಎಣ್ಣೆ ಸವರಬೇಡಿ. ಎರಡರಿಂದಲೂ ಸ್ಫೋಟವಾಗಬಹುದು. ಸಿಲಿಕೋನ್ ಗ್ರೀಸ್ ಸಾಕು.

ಸ್ಪ್ರಿಂಗ್ ರೈಫಲ್ಲಿಗೆ ಇದಾವುದೂ ಬೇಡ. ಚೀಲಕ್ಕೆ ಹಾಕಿ, ಪೆಲೆಟ್ ಡಬ್ಬಿ ಹಿಡಿದು ಹೊರಟರೆ ಮುಗಿಯಿತು. ನೂರು ಹೊಡೆದರೆ ನಳಿಗೆ ಮಡಚಿ ಮಡಚಿ ಭುಜ ಸೋಲುತ್ತದೆ, ಅದು ನಿಜ. ಆರು ವರ್ಷದಲ್ಲಿ ಒಂದು ಸ್ಪ್ರಿಂಗ್, ಒಂದು ಪಿಸ್ಟನ್ ಸೀಲ್ ಬದಲಿಸಿದ್ದೇನೆ. ಒಂದು ಸ್ಕೋಪ್ ಮಾತ್ರ ಹಾಳಾಯಿತು. ಮುಂದಕ್ಕೆ ಜಗ್ಗುವ ಆ ಎರಡನೇ ಒದೆತಕ್ಕೆ ಒಳಗಿನ ಅಡ್ಡಗೆರೆ ಕಿತ್ತು ಓರೆಯಾಗಿಬಿಟ್ಟಿತ್ತು. ಬಂದೂಕಿನ ಸ್ಕೋಪ್ ಹಿಂದಕ್ಕೆ ಬರುವ ಒದೆತವನ್ನಷ್ಟೇ ತಡೆಯುವಂತೆ ಮಾಡಿದ್ದಿರಬಹುದು. ಸ್ಪ್ರಿಂಗ್ ರೈಫಲ್ಲಿಗೆಂದೇ ಮಾಡಿದ್ದನ್ನು ಕೇಳಿ ತನ್ನಿ.

ಪಿಸಿಪಿಯ ಕಾಯಿಲೆ ಸೋರಿಕೆ. ಒಂದು ಸಂಜೆ 185ಕ್ಕೆ ತುಂಬಿಟ್ಟು ಮಲಗಿದೆ, ಬೆಳಿಗ್ಗೆ 120. ಸೋಪಿನ ನೀರು ಕಲಸಿ ಕುಂಚದಿಂದ ಜಾಯಿಂಟುಗಳಿಗೆಲ್ಲ ಸವರುತ್ತ ಹೋದೆ. ಗೇಜಿನ ಬುಡದಲ್ಲಿ ಸಾಸಿವೆ ಗಾತ್ರದ ಗುಳ್ಳೆಯೊಂದು ಮೆಲ್ಲಗೆ ಉಬ್ಬಿ ಒಡೆಯಿತು, ಅಲ್ಲೇ ಇನ್ನೊಂದು ಎದ್ದಿತು. ಗಾಳಿಯನ್ನೆಲ್ಲ ಹೊರಬಿಟ್ಟು ಗೇಜ್ ಬಿಚ್ಚಿದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರದ, ಅಂದರೆ ಓ-ರಿಂಗಿನ, ಮೇಲೆ ಉಗುರಿನಿಂದ ಗೀರಿದಂಥ ಗಾಯ. ಹಿಂದೊಮ್ಮೆ ಗ್ರೀಸ್ ಸವರದೆ ಒಣದಾಗಿಯೇ ತಿರುಪಿದ್ದೆ, ಅದರ ಫಲ. ಅಂದಿನಿಂದ ಬೇರೆ ಬೇರೆ ಅಳತೆಯ ಓ-ರಿಂಗುಗಳನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ರೈಫಲ್ ಚೀಲದಲ್ಲೇ ಇಟ್ಟಿದ್ದೇನೆ.

ಇಡುವ ರೀತಿಯೂ ತಿರುಗುಮುರುಗು. ಸ್ಪ್ರಿಂಗನ್ನು ಕುಗ್ಗಿಸಿದ ಸ್ಥಿತಿಯಲ್ಲಿ ಇಡಬಾರದು, ಪೆಲೆಟ್ ಇಲ್ಲದೆ ಹೊಡೆಯಲೂಬಾರದು. ಪಿಸಿಪಿಯನ್ನು ಬರಿದು ಮಾಡಿ ಇಡಬಾರದು. ಸ್ವಲ್ಪ ಗಾಳಿ ಇದ್ದರೆ ವಾಲ್ವ್ ತನ್ನ ಜಾಗದಲ್ಲಿ ಭದ್ರವಾಗಿ ಕೂತಿರುತ್ತದೆ.

ಸುರಕ್ಷತೆಯಲ್ಲಿ ನನಗೆ ಸ್ಪ್ರಿಂಗ್ ರೈಫಲ್ಲೇ ಮೇಲು. ಮಡಚಿದ ನಳಿಗೆಯ ಬಾಯಲ್ಲಿ ಪೆಲೆಟ್ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಪಿಸಿಪಿಯಲ್ಲಿ ಪೆಲೆಟ್ಟನ್ನು ನಳಿಗೆಗೆ ದೂಡುವ ಬೋಲ್ಟ್ ತಳ್ಳಿದ ಮೇಲೆ ಅದು ಕಾಣದು. ಮಾತಿನ ನಡುವೆ ಮರೆತು ಇನ್ನೊಮ್ಮೆ ಬೋಲ್ಟ್ ಎಳೆದು ಎರಡು ಪೆಲೆಟ್ ತುಂಬಿದ್ದೇನೆ. ಗೇಜ್ ಕೆಳಗಿದ್ದ ಮಾತ್ರಕ್ಕೆ ರೈಫಲ್ ಖಾಲಿಯೆಂದು ನಂಬುವುದೂ ಅಪಾಯ. ಹೊಸಬರ ಕೈಗೆ, ಮಕ್ಕಳಿಗೆ ಕಲಿಸುವಾಗ ನಾನು ಮೊದಲು ಕೊಡುವುದು ಸ್ಪ್ರಿಂಗ್ ರೈಫಲ್ಲನ್ನೇ, ಕನ್ನಡಕ ಹಾಕಿಸಿಯೇ.

ಪಿಸಿಪಿಯ ಸದ್ದು ಹೆಚ್ಚು, ನಳಿಗೆಯ ಬಾಯಿಂದ ಗಾಳಿ ಸಿಡಿಯುವ ಸದ್ದು ಅದು. ಹತ್ತಿರ ಮನೆಗಳಿದ್ದರೆ ಯೋಚಿಸಬೇಕಾದ ವಿಷಯ.

ಆಸರೆಯಿಟ್ಟು 25 ಮೀಟರ್ ಆಚೆ ಹೊಡೆಯುವವರಿಗೆ, ಸ್ಪರ್ಧೆಗೆ ಇಳಿಯುವವರಿಗೆ, ಸಿಲಿಂಡರ್ ತುಂಬಿಸುವ ಜಾಗ ಕೈಗೆಟಕುವವರಿಗೆ ಪಿಸಿಪಿ ಕೊಳ್ಳಿ ಎನ್ನುತ್ತೇನೆ. ಬಿಡುವಿನ ದಿನ ಐವತ್ತು ಪೆಲೆಟ್ ಹೊಡೆದು ಬರುವವರಿಗೆ ಒಳ್ಳೆಯ ಸ್ಪ್ರಿಂಗ್ ರೈಫಲ್ ಸಾಕು. ನಾನಂತೂ ಎರಡನ್ನೂ ಇಟ್ಟುಕೊಂಡಿದ್ದೇನೆ. ಮೈದಾನಕ್ಕೆ ಹೋದ ದಿನ ಮೊದಲ 20 ಪೆಲೆಟ್ ಸ್ಪ್ರಿಂಗಿನಲ್ಲಿ ಹೊಡೆಯುತ್ತೇನೆ. ಎಡಗೈ ಸಡಿಲವಾಗಿ, ಒಂದೇ ಜಾಗದಲ್ಲಿ ನಿಲ್ಲುವುದನ್ನು ಅದು ನೆನಪಿಸಿದ ಮೇಲೆ ಪಿಸಿಪಿ ಎತ್ತಿಕೊಳ್ಳುತ್ತೇನೆ.