ರಟ್ಟು ಕಿತ್ತುಹೋದ ಡೈರೆಕ್ಟರಿ: ಬಳಸಿ ನೋಡಿ ಬರೆದದ್ದು

ಕಳೆದ ಆಷಾಢದಲ್ಲಿ ಆಲ್ದೂರು ಕಡೆಯ ಒಂದು ತೋಟದಿಂದ ಚಿಕ್ಕಮಗಳೂರಿನ ನನ್ನ ಅಂಗಡಿಗೆ ಮೋಟಾರು ರಿಪೇರಿಗೆ ಬಂದಿತ್ತು. ವೈಂಡಿಂಗ್ ಮುಗಿದು ಹದಿನೈದು ದಿನವಾದರೂ ಯಾರೂ ಬರಲಿಲ್ಲ. ಕೊಟ್ಟು ಹೋದ ಹುಡುಗನ ಮೊಬೈಲ್ ಸ್ವಿಚ್ ಆಫ್. ತೋಟದ ಹೆಸರು ಹಾಕಿ ಫೋನಿನಲ್ಲಿ ಹುಡುಕಿದೆ. ಅದೇ ಹೆಸರಿನ ಒಂದು ಹೋಂಸ್ಟೇ ಬಂತು. ಹಚ್ಚಿದರೆ ಬೆಂಗಳೂರಿನ ಬುಕಿಂಗ್ ಆಫೀಸು. ಅವರಿಗೆ ತೋಟವೂ ಗೊತ್ತಿಲ್ಲ, ಮೋಟಾರೂ ಗೊತ್ತಿಲ್ಲ.

ರಾತ್ರಿ ಮನೆಗೆ ಹೋಗಿ ಅಟ್ಟದಿಂದ ಹಳೇ ಟೆಲಿಫೋನ್ ಡೈರೆಕ್ಟರಿ ಇಳಿಸಿದೆ. ತೋಟದ ಹೆಸರು ಇತ್ತು. ಎದುರಿಗೆ ಐದಂಕಿಯ ನಂಬರ್. ಆಮೇಲೆ ಲ್ಯಾಂಡ್‌ಲೈನ್ ನಂಬರ್‌ಗಳ ಮುಂದೆಲ್ಲ ಒಂದು 2 ಸೇರಿತ್ತು, ಹಾಗಾಗಿ ಇದರ ಮುಂದೆಯೂ 2 ಸೇರಿಸಿ ಹಚ್ಚಿದೆ. ಸುಮಾರು ಹೊತ್ತು ಬಡಿದುಕೊಂಡ ಮೇಲೆ ವಯಸ್ಸಾದ ಒಬ್ಬ ಅಮ್ಮ ಎತ್ತಿದರು.

"ಯಾರಪ್ಪ? ಮೋಟಾರಾ? ಅಯ್ಯೋ, ನಮ್ಮ ಹುಡುಗ ಮೊಬೈಲ್ ಹಳ್ಳಕ್ಕೆ ಬೀಳಿಸಿಕೊಂಡು ಕೂತಿದ್ದಾನೆ ಕಣಪ್ಪ. ನಾಳೆನೇ ಕಳಿಸ್ತೀನಿ."

ಮರುದಿನ ಹತ್ತು ಗಂಟೆಗೆ ಜೀಪ್ ಬಂತು. ಅವತ್ತೇ ಅಂದುಕೊಂಡೆ, ಈ ಪುಸ್ತಕದ ಬಗ್ಗೆ ನಾಲ್ಕು ಮಾತು ಬರೆಯಬೇಕು ಅಂತ.

ನನ್ನ ಹತ್ತಿರ ಇರುವ ಪ್ರತಿಗೆ ರಟ್ಟಿಲ್ಲ, ಮೊದಲ ಕೆಲವು ಹಾಳೆಗಳೂ ಇಲ್ಲ. ಆದರೆ ಬಿಎಸ್‌ಎನ್‌ಎಲ್ ಹುಟ್ಟಿದ್ದು 2000ದ ಅಕ್ಟೋಬರಿನಲ್ಲಿ, ಇದು ಅದಕ್ಕೂ ಹಿಂದಿನದು, ಟೆಲಿಕಾಂ ಇಲಾಖೆಯೇ ಫೋನ್ ಕೊಡುತ್ತಿದ್ದ ಕಾಲದ್ದು. ಕಾಗದ ನ್ಯೂಸ್‌ಪ್ರಿಂಟು, ಅಂಚೆಲ್ಲ ಕಾಫಿ ಬಣ್ಣಕ್ಕೆ ತಿರುಗಿದೆ. ಅಕ್ಷರ ಸಣ್ಣದು, ಆದರೆ ಮಸಿ ಎಲ್ಲೂ ಅಳಿಸಿಲ್ಲ. ಹೆಸರು, ಇನಿಶಿಯಲ್, ಕಸುಬು ಇಲ್ಲವೇ ಬೀದಿ, ಆಮೇಲೆ ನಂಬರ್. ಮನೆಗೆ 'ಆರ್', ಆಫೀಸಿಗೆ 'ಒ'. ಇಷ್ಟೇ. ಇದಕ್ಕಿಂತ ಜಾಸ್ತಿ ಏನು ಬೇಕು? ಹುಡುಕುವಾಗ ಮಧ್ಯೆ ಯಾರೂ ಜಾಹೀರಾತು ತಂದು ತುರುಕುವುದಿಲ್ಲ. ಒಂದು ಪುಟದಲ್ಲಿ ಇಬ್ಬರು ಡಾಕ್ಟರ್ ಇದ್ದರೆ ದುಡ್ಡು ಕೊಟ್ಟವರು ಮೇಲೆ ಬರುವುದಿಲ್ಲ, ಹೆಸರಿನ ಮೊದಲ ಅಕ್ಷರ ಯಾವುದೋ ಅದರ ಪ್ರಕಾರವೇ ಬರುತ್ತಾರೆ. ಈ ಒಂದು ಗುಣಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಕೊರತೆಗಳೂ ಇವೆ. ನಮ್ಮ ಪ್ರತಿ ಪೂರ್ತಿ ಇಂಗ್ಲಿಷಿನಲ್ಲಿದೆ. ನನ್ನ ಅಮ್ಮನಿಗೆ ಕನ್ನಡ ಬಿಟ್ಟರೆ ಓದಲು ಬರುತ್ತಿರಲಿಲ್ಲ, ಅಂಕಿ ಮಾತ್ರ ಗೊತ್ತಿತ್ತು. ಅದಕ್ಕೆ ಅವಳೇ ಒಂದು ದಾರಿ ಮಾಡಿಕೊಂಡಿದ್ದಳು. ಗ್ಯಾಸ್ ಏಜೆನ್ಸಿ ಸಾಲಿನ ಪಕ್ಕ ಕುಂಕುಮದ ಬೊಟ್ಟು. ದೊಡ್ಡಮ್ಮನ ಮನೆ ನಂಬರಿಗೆ ಅರಿಶಿನ. ಡಾಕ್ಟರಿಗೆ ಕಾಡಿಗೆ. ಪುಟದ ಮೂಲೆ ಮಡಚಿಟ್ಟು, ಬಣ್ಣ ನೋಡಿ, ಬೆರಳಿಟ್ಟು ಅಂಕಿ ಓದಿ ಡಯಲ್ ಮಾಡುತ್ತಿದ್ದಳು. ಕುಂಕುಮ ಈಗ ಕಂದು ಬಣ್ಣಕ್ಕೆ ಬಂದಿದೆ. ಅರಿಶಿನ ಹಿಂದಿನ ಪುಟಕ್ಕೂ ಇಳಿದಿದೆ.

ಇನ್ನೊಂದು ಕೊರತೆ ನನಗೆ ತಡವಾಗಿ ಕಂಡಿದ್ದು. ಹೆಂಗಸರ ಹೆಸರು ಬಹಳ ಕಡಿಮೆ. ನಮ್ಮ ಬೀದಿಯ ಟೀಚರಮ್ಮನಿಗೆ ಊರೆಲ್ಲ ಶಿಷ್ಯರು, ಆದರೆ ಫೋನ್ ಅವರ ಯಜಮಾನರ ಹೆಸರಿನಲ್ಲಿ. ಯಜಮಾನರ ಹೆಸರು ಗೊತ್ತಿಲ್ಲದವರಿಗೆ ಟೀಚರಮ್ಮ ಸಿಗುವುದೇ ಇಲ್ಲ. ತೋಟಗಳ ಹೆಸರು ಸಾಲುಗಟ್ಟಿ ಇವೆ. ಅದೇ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಇದ್ದವರದು ಒಂದೂ ಇಲ್ಲ.

ಇಷ್ಟು ಹೇಳಲು ನನಗೆ ಒಂದು ಹಕ್ಕಿದೆ. ಈ ಪುಸ್ತಕವನ್ನು ನಾನೇ ಮನೆಮನೆಗೆ ಹಂಚಿದ್ದೇನೆ.

ಡಿಗ್ರಿ ಎರಡನೇ ವರ್ಷದ ರಜೆ. ಒಬ್ಬ ಕಂಟ್ರಾಕ್ಟರ್ ನಮ್ಮಂಥ ಏಳೆಂಟು ಹುಡುಗರನ್ನು ಸೇರಿಸಿದ. ಒಂದು ಪುಸ್ತಕಕ್ಕೆ ಒಂದೂವರೆ ರೂಪಾಯಿ, ಸೈಕಲ್ ನಮ್ಮದೇ. ಪ್ಲಾಸ್ಟಿಕ್ ದಾರ ಬಿಗಿದ ಕಟ್ಟುಗಳನ್ನು ಬಿಚ್ಚಿ ಕ್ಯಾರಿಯರ್ ಮೇಲೆ ಹನ್ನೆರಡು, ಹ್ಯಾಂಡಲಿಗೆ ನೇತುಹಾಕಿದ ಚೀಲದಲ್ಲಿ ನಾಲ್ಕು. ಹದಿನಾರಕ್ಕಿಂತ ಜಾಸ್ತಿ ಹಾಕಿದರೆ ಮುಂದಿನ ಚಕ್ರ ಎದ್ದು ನಿಲ್ಲುತ್ತಿತ್ತು. ಕೋಟೆ, ಬಸವನಹಳ್ಳಿ, ವಿಜಯಪುರ ಸುಲಭ. ರತ್ನಗಿರಿ ಬೋರೆ ಕಡೆಯ ಏರಿನಲ್ಲಿ ಇಳಿದು ತಳ್ಳಿಕೊಂಡೇ ಹೋಗಬೇಕು. ಮಳೆ ಬಂದರೆ ಮೊದಲು ಪುಸ್ತಕಕ್ಕೆ ಪ್ಲಾಸ್ಟಿಕ್, ಆಮೇಲೆ ನಮ್ಮ ತಲೆಗೆ.

ಕ್ರಾಸ್ ನಂಬರ್ ಕೇಳಿದರೆ ಯಾರಿಗೂ ಗೊತ್ತಿರುತ್ತಿರಲಿಲ್ಲ. "ಹೆಡ್ಮಾಸ್ಟರ ಮನೆ" ಅಂದರೆ ಕೈ ತೋರಿಸುತ್ತಿದ್ದರು. ಮನೆಗೆ ಬೀಗ ಇದ್ದರೆ ಕಾಂಪೌಂಡಿನೊಳಗೆ ಎಸೆದು ಬರುವ ಹಾಗಿಲ್ಲ, ರಿಜಿಸ್ಟರಿನಲ್ಲಿ ಸಹಿ ಬೇಕು. ಮತ್ತೆ ಹೋಗಬೇಕು. ಪುಸ್ತಕ ಕೈಗೆ ಕೊಟ್ಟ ತಕ್ಷಣ ಎಲ್ಲರೂ ಮಾಡುತ್ತಿದ್ದ ಕೆಲಸ ಒಂದೇ: ಬಾಗಿಲಲ್ಲೇ ನಿಂತು ತಮ್ಮ ಹೆಸರು ಹುಡುಕುವುದು. "ನೋಡಿ, ಇನಿಶಿಯಲ್ ತಪ್ಪಾಗಿದೆ" ಅನ್ನುವರು. "ಈ ಮನೆ ಬಿಟ್ಟು ಅವರು ಜಯನಗರಕ್ಕೆ ಹೋಗಿ ಎರಡು ವರ್ಷ ಆಯಿತು" ಅನ್ನುವರು. ನಾನು ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡು ಎಕ್ಸ್‌ಚೇಂಜಿನ ಕೌಂಟರಿಗೆ ಕೊಡುತ್ತಿದ್ದೆ. ಅದಕ್ಕೆ ಕೂಲಿ ಇರಲಿಲ್ಲ. ಯಾರೂ ಹೇಳಿಯೂ ಇರಲಿಲ್ಲ. ತಪ್ಪು ಗೊತ್ತಾದ ಮೇಲೆ ಸುಮ್ನೆ ಬಿಡಲು ಮನಸ್ಸು ಬರುತ್ತಿರಲಿಲ್ಲ.

ಕೊನೆಯ ವಾರದ ದುಡ್ಡು ನಮಗೆ ಬರಲೇ ಇಲ್ಲ. "ನಾಳೆ ಬಾ, ನಾಡಿದ್ದು ಬಾ" ಅಂತ ಒಂದು ತಿಂಗಳು ಅಲೆಸಿ ಕಂಟ್ರಾಕ್ಟರ್ ಊರೇ ಬಿಟ್ಟ. ನೂರಹತ್ತು ಪುಸ್ತಕದ ದುಡ್ಡು, ನೂರ ಅರವತ್ತೈದು ರೂಪಾಯಿ. ಕೇಳಲು ಒಂದು ಚೀಟಿಯೂ ನಮ್ಮ ಕೈಯಲ್ಲಿರಲಿಲ್ಲ. ಅದು ಈಗಲೂ ನೋಯುತ್ತದೆ.

ಈಗ ನನ್ನ ಅಕ್ಕನ ಮಗ ಇದೇ ಊರಿನಲ್ಲಿ ಪಾರ್ಸೆಲ್ ಹಂಚುತ್ತಾನೆ. ಸ್ಕೂಟರ್ ಅವನದು, ಪೆಟ್ರೋಲ್ ಅವನದು, ಲೆಕ್ಕ ಪಾರ್ಸೆಲ್‌ಗೆ ಇಷ್ಟು ಅಂತ. ನನ್ನ ಸೈಕಲ್ ಲೆಕ್ಕವೇ. ಒಂದು ಸಲ ಮ್ಯಾಪ್ ನಂಬಿಕೊಂಡು ಬೋರೆಯ ಆ ಕಡೆ ಹೋಗಿ, ಮನೆ ಈ ಕಡೆ ಇದ್ದು, ಅರ್ಧ ಗಂಟೆ ಸುತ್ತಿದ. ಮನೆಯವರಿಗೆ ಫೋನ್ ಮಾಡಬಹುದು, ಆದರೆ ಆ್ಯಪ್ ಅವರ ನಂಬರನ್ನು ಇವನಿಗೆ ತೋರಿಸುವುದಿಲ್ಲ. "ಮಾವ, ದಿನಕ್ಕೆ ಐವತ್ತು ಮನೆಗೆ ಹೋಗ್ತೀನಿ. ಸಂಜೆಗೆ ಒಂದು ಹೆಸರೂ ನನ್ನ ಹತ್ತಿರ ಉಳಿಯಲ್ಲ" ಅಂದ. ಜನರ ನಂಬರ್ ಗುಟ್ಟಾಗಿರಬೇಕು, ಒಪ್ಪುತ್ತೇನೆ. ಆದರೆ ಮ್ಯಾಪಿನಲ್ಲಿ ಮನೆ ತಪ್ಪಾಗಿದೆ ಅಂತ ಅವನಿಗೆ ಗೊತ್ತಾದರೂ ಬರೆದುಕೊಳ್ಳಲು ಅಂಚೇ ಇಲ್ಲ. ನಾಳೆ ಇನ್ನೊಬ್ಬ ಹುಡುಗ ಅದೇ ತಪ್ಪು ಜಾಗದಲ್ಲಿ ನಿಲ್ಲುತ್ತಾನೆ. ಒಂದು ವಿಷಯಕ್ಕೆ ನನಗೆ ಸಮಾಧಾನವಿದೆ. 2025ರಲ್ಲಿ ನಮ್ಮ ರಾಜ್ಯ ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕೆಲಸಗಾರರಿಗೆ ಅಂತಲೇ ಕಾಯ್ದೆ ತಂದಿತು. ಅವರ ನೋಂದಣಿ ಆಗಬೇಕು, ಹುಡುಗರಿಗೆ ಕೊಡುವ ಕೂಲಿಯ ಮೇಲೆ ಶೇಕಡ 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ನಮಗೆ ಒಂದು ಚೀಟಿ ಇರಲಿಲ್ಲ, ಇವರಿಗೆ ಒಂದು ಕಾನೂನಾದರೂ ಇದೆ.

ಡೈರೆಕ್ಟರಿ ನಿಂತಿದ್ದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ನ್ಯೂ ಹೇವನ್‌ನಲ್ಲಿ 1878ರಲ್ಲಿ ಬಂದ ಮೊದಲನೆಯದು ಒಂದೇ ಹಾಳೆ, ಬರೀ ಐವತ್ತು ಹೆಸರು. ಇಂಗ್ಲೆಂಡಿನಲ್ಲಿ ಅಂಗಡಿ, ಕಸುಬುಗಳ ಡೈರೆಕ್ಟರಿಯಾದ ಯೆಲ್ಲೋ ಪೇಜಸ್ 1966ರಲ್ಲಿ ಬ್ರೈಟನ್ ಊರಿನಲ್ಲಿ ಶುರುವಾಗಿ, 2019ರಲ್ಲಿ ಅದೇ ಊರಿನಲ್ಲಿ ಕೊನೆಯ ಪ್ರತಿ ಹಂಚಿ ಮುಗಿಸಿತು. ನಮ್ಮ ದೇಶಕ್ಕೆ ಮೊಬೈಲ್ ಬಂದಿದ್ದು 1995ರಲ್ಲಿ. ನಂಬರ್‌ಗಳು ಮನೆಯಿಂದ ಜೇಬಿಗೆ ಹೋದವು. ಬೀದಿ, ಮನೆ ಅಂತ ಬರೆಯಲು ಅವಕ್ಕೆ ವಿಳಾಸವೇ ಇಲ್ಲ.

ಸರಿ, ಈ ಪುಸ್ತಕ ಈಗ ಎಷ್ಟು ಉಪಯೋಗ? ಒಂದು ಬಿಡುವಿನ ಮಧ್ಯಾಹ್ನ ಕೂತು ಮೂವತ್ತು ನಂಬರಿಗೆ ಹಚ್ಚಿ ನೋಡಿದೆ. ಎಲ್ಲದಕ್ಕೂ ಮುಂದೆ 2 ಸೇರಿಸಿದೆ, ಮೊಬೈಲಿನಿಂದ ಮಾಡುವಾಗ ಅದಕ್ಕೂ ಮುಂದೆ ನಮ್ಮೂರಿನ ಎಸ್‌ಟಿಡಿ ಕೋಡ್ 08262. ಹತ್ತೊಂಬತ್ತು ಚಾಲ್ತಿಯಲ್ಲಿಲ್ಲ. ನಾಲ್ಕು ಬಡಿದುಕೊಂಡವು, ಎತ್ತಲಿಲ್ಲ. ಏಳು ಎತ್ತಿದರು, ಅದರಲ್ಲಿ ಐದು ಕಡೆ ಅದೇ ಜನ, ಅದೇ ಜಾಗ. ಆ ಐದರಲ್ಲಿ ಮೂರು ತೋಟ, ಒಂದು ದೇವಸ್ಥಾನ, ಒಂದು ಹಳೇ ಜವಳಿ ಅಂಗಡಿ. ಪೇಟೆಯ ಮನೆಗಳು ಹೆಚ್ಚುಕಡಿಮೆ ಎಲ್ಲ ಹೋದವು. ಹಾಗಾಗಿ ತೋಟ, ದೇವಸ್ಥಾನ, ಹಳೇ ಅಂಗಡಿ ಬೇಕಾದರೆ ಡೈರೆಕ್ಟರಿ ನೋಡಿ. ಪ್ಲಂಬರ್ ಬೇಕಾದರೆ ಪಕ್ಕದ ಮನೆಯವರನ್ನು ಕೇಳಿ. ಫೋನಿನ ಹುಡುಕಾಟದಲ್ಲಿ ನಂಬರ್ ಸಿಗುವ ಮುಂಚೆ ನನ್ನ ನಂಬರೇ ನಾಲ್ಕು ಜನಕ್ಕೆ ಹೋಗಿ, ಎರಡು ದಿನ ಕರೆ ಬಂದಿದ್ದವು.

ಹಳೇ ಪ್ರತಿ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗಬಹುದು. ಕಂಡರೆ ಬಿಡಬೇಡಿ. ಒಳಗೆ ಯಾರದೋ ಕೈಬರಹ ಇದ್ದರೆ ಅಳಿಸಬೇಡಿ. ನನ್ನದನ್ನು ಎರವಲು ಕೊಡುವುದಿಲ್ಲ, ಹಾಳೆ ಬಿಟ್ಟುಕೊಳ್ಳುತ್ತಿದೆ. ಈಗ ಅಂಗಡಿಯಲ್ಲೇ, ತಾಮ್ರದ ತಂತಿ ಇಡುವ ಬೀರುವಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದೇನೆ. ಯಾರಾದರೂ ಹಳೇ ನಂಬರ್ ಹುಡುಕುತ್ತಿದ್ದರೆ ಬಂದು ಹೆಸರು ಹೇಳಿ, ತೆಗೆದು ನೋಡಿ ಕೊಡುತ್ತೇನೆ. ಭಾನುವಾರ ಮಾತ್ರ ರಜೆ.